ಇಂಜಿನ್ ಹೀಟ್ ಆಗ್ತಿದೆ, ಕೂಲೆಂಟ್ ಕಮ್ಮಿ ಆಗ್ತಿದೆ: ಲೀಕ್ ಹುಡುಕಿ ಸರಿ ಮಾಡೋ ಸಮಗ್ರ ಮಾರ್ಗದರ್ಶಿ

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ. ಅದು ಇಂಜಿನ್ನು, ಹೋಸ್ ಪೈಪು, ರೇಡಿಯೇಟರ್ ಒಳಗೆ ಸುತ್ತು ಹೊಡೀತಾ ಇರತ್ತೆ ಅಷ್ಟೇ. ವರ್ಷಕ್ಕೊಂದ್ಸಲ ಬಾಟ್ಲಲ್ಲಿ ಚೂರು ಇಳಿದಿದ್ರೆ ಅದು ಸರಿ, ಆದ್ರೆ ವಾರಕ್ಕೊಂದ್ಸಲ ತುಂಬಬೇಕಾಗಿ ಬರ್ತಿದೆ ಅಂದ್ರೆ ಎಲ್ಲಿಂದಲೋ ಹೊರಗೆ ಹೋಗ್ತಿದೆ, ಇಲ್ಲಾಂದ್ರೆ ಇಂಜಿನ್ ಒಳಗೇ ಸುಟ್ಟು ಸೈಲೆನ್ಸರಿಂದ ಆಚೆ ಹೋಗ್ತಿದೆ. ಈ ಎರಡರಲ್ಲಿ ಯಾವುದು ಅಂತ ಗೊತ್ತಾಗೋ ತನಕ ನೀರು ತುಂಬ್ತಾ ಗಾಡಿ ಓಡಿಸೋದು ತುಂಬಾ ಡೇಂಜರ್.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಮ್ಮ ಮನೇಲಿರೋದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಅದ್ರಲ್ಲಿ ಎರಡು ತಿಂಗಳಿಂದ ಕೂಲೆಂಟ್ ಇಳೀತಿತ್ತು. ಗ್ಯಾರೇಜಲ್ಲಿ ಕೇಳಿದ್ರೆ ಹಳೇ ಗಾಡಿ ಅಲ್ವಾ ಸಾರ್, ಸ್ವಲ್ಪ ಕುಡಿಯತ್ತೆ ಅಂದ್ರು, ಹೀಟ್ ಆಗಬಾರದು ಅಂತ ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿ ಆದ ಮೇಲೆ ಮಾತ್ರ ರೇಡಿಯೇಟರಿಗೆ ದಾರಿ ಬಿಡೋ ಬಾಗಿಲು) ಬಿಚ್ಚಿ ಹಾಗೇ ಕಳಿಸಿದ್ರು. ಊರಲ್ಲಿ ಓಡಾಡುವಾಗ ಟೆಂಪರೇಚರ್ ಮುಳ್ಳು ಕೆಳಗೇ ಇರ್ತಿತ್ತು, ನಾನೂ ಸರಿ ಹೋಯ್ತು ಅಂದ್ಕೊಂಡೆ. ಮೇ ತಿಂಗಳಲ್ಲಿ ಅಪ್ಪ ಅಮ್ಮನ್ನ ಕುಕ್ಕೆ ಸುಬ್ರಹ್ಮಣ್ಯಕ್ಕೆ ಕರ್ಕೊಂಡು ಹೋಗಿ ಗುಂಡ್ಯ ಕಡೆಯಿಂದ ಶಿರಾಡಿ ಘಾಟ್ ಹತ್ತಿ ವಾಪಸ್ ಬರ್ತಿದ್ವಿ, ಮುಂದೆ ಒಂದು ಟ್ಯಾಂಕರ್, ಓವರ್‌ಟೇಕ್ ಮಾಡೋ ಹಾಗಿಲ್ಲ, ಎಸಿ ಆನ್, ಸೆಕೆಂಡ್ ಗೇರಲ್ಲೇ ಎಳೀತಾ ಇದೆ. ಮುಳ್ಳು ಮೇಲಕ್ಕೆ ಹೋಯ್ತು, ಸ್ವಲ್ಪ ಹೊತ್ತಿಗೆ ದಿಢೀರಂತ ಕೆಳಗೆ ಬಂತು, ಅಬ್ಬಾ ತಣ್ಣಗಾಯ್ತು ಅಂತ ಖುಷಿ ಪಟ್ಟೆ, ಇನ್ನೊಂದು ತಿರುವು ದಾಟೋಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ. ಆ ಮುಳ್ಳು ಇಳಿದಿದ್ದು ತಣ್ಣಗಾಗಿ ಅಲ್ಲ, ಸೆನ್ಸರ್ ಇರೋ ಜಾಗದಲ್ಲಿ ಅಳೆಯೋಕೆ ನೀರೇ ಉಳಿದಿರ್ಲಿಲ್ಲ. ಕೊನೆಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ ಹೆಡ್ಡು, ಕೆಳಗಿನ ಬ್ಲಾಕು, ಎರಡರ ನಡುವಿನ ಸೀಲು) ಹೋಗಿ, ಸೊಟ್ಟ ಆದ ಹೆಡ್ಡನ್ನ ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿ, ಅಂದ್ರೆ ಸಮತಟ್ಟು ಮಾಡಿಸಿ, ದೊಡ್ಡ ಬಿಲ್ ಆಯ್ತು. ಮೂಲ ಲೀಕ್ ಎಲ್ಲಿತ್ತು ಗೊತ್ತಾ, ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಮ್ಮಿಗೆ ಸೇರೋ ಅಂಚಲ್ಲಿ, ಒಂದು ಗೆರೆಯಷ್ಟು. ಹತ್ತು ನಿಮಿಷದ ಪ್ರೆಷರ್ ಟೆಸ್ಟ್ ಮಾಡಿದ್ರೆ ಸಿಕ್ಕಿಬಿಡ್ತಿತ್ತು.

ದಾರಿ ಮಧ್ಯೆ ಹೀಟ್ ಆದ್ರೆ

ಮುಳ್ಳು ಮಾಮೂಲಿಗಿಂತ ಮೇಲೆ ಹೋಗ್ತಿದೆ, ಆದ್ರೆ ಇನ್ನೂ ಕೆಂಪಿಗೆ ಮುಟ್ಟಿಲ್ಲ, ಹಬೆ ಇಲ್ಲ ಅಂದ್ರೆ ತಕ್ಷಣ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿ ಕಡೆ ತಿರುಗಿಸಿ ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಒಳಗೆ ಕೂರೋಕಾಗಲ್ಲ, ಬೆಂದು ಹೋಗ್ತೀವಿ, ಆದ್ರೆ ಹೀಟರ್ ಅನ್ನೋದು ಒಂದು ಚಿಕ್ಕ ರೇಡಿಯೇಟರೇ, ಇಂಜಿನ್ನಿನ ಬಿಸೀನ ಅದೂ ಎಳೆದು ಹಾಕತ್ತೆ. ಜಾಗ ಸಿಕ್ಕ ಕಡೆ ಸೈಡಿಗೆ ಹಾಕಿ. ಕೆಂಪು ಲೈಟ್ ಬಂತು ಅಥವಾ ಹಬೆ ಬಂತು ಅಥವಾ ಹೀಟರಿಂದ ಬಿಸಿ ಗಾಳಿ ಬದಲು ತಣ್ಣನೆ ಗಾಳಿ ಬರ್ತಿದೆ ಅಂದ್ರೆ ಯೋಚನೆನೇ ಮಾಡ್ಬೇಡಿ, ನಿಲ್ಲಿಸಿ ಇಂಜಿನ್ ಆಫ್. ಮುಂದಿನ ಬಂಕ್ ಎರಡೇ ಕಿಲೋಮೀಟರ್ ಅಂತ ಓಡಿಸೋ ಆ ಎರಡು ಕಿಲೋಮೀಟರಲ್ಲೇ ಹೆಡ್ ಸೊಟ್ಟ ಆಗೋದು. ಈಗಿನ ಎಷ್ಟೋ ಗಾಡಿಗಳಲ್ಲಿ ಮುಳ್ಳೇ ಇಲ್ಲ, ನೀಲಿ ಲೈಟ್ ಅಂದ್ರೆ ಇಂಜಿನ್ ಇನ್ನೂ ತಣ್ಣಗಿದೆ, ಕೆಂಪು ಲೈಟ್ ಅಂದ್ರೆ ಆಗ್ಲೇ ಹೊತ್ತು ಮೀರಿದೆ ಅಂತ ತಿಳ್ಕೊಳ್ಳಿ.

ರೇಡಿಯೇಟರ್ ಮುಚ್ಚಳ ಬಿಸಿ ಇದ್ದಾಗ ತೆಗೀಬೇಡಿ, ಬಟ್ಟೆ ಹಿಡ್ಕೊಂಡೂ ಬೇಡ, ನಿಧಾನಕ್ಕೆ ಅಂತಾನೂ ಬೇಡ. ಒಳಗೆ 100 ಡಿಗ್ರಿ ದಾಟಿದ ನೀರು ಪ್ರೆಷರಲ್ಲಿ ನೀರಾಗೇ ಕೂತಿರತ್ತೆ, ಮುಚ್ಚಳ ಸಡಿಲ ಆದ ಕ್ಷಣ ಎಲ್ಲಾ ಒಟ್ಟಿಗೆ ಕುದ್ದು ಮುಖಕ್ಕೇ ಹಾರತ್ತೆ. ಕನಿಷ್ಠ ಮುಕ್ಕಾಲು ಗಂಟೆ ಬಿಡಿ, ಮೇಲಿನ ದಪ್ಪ ಹೋಸ್ ಹಿಂಡಿ ನೋಡಿ, ಮೆತ್ತಗೆ ಒಳಗೆ ಹೋದ್ರೆ ಪ್ರೆಷರ್ ಇಳಿದಿದೆ ಅಂತ ಅರ್ಥ. ಕಾಯೋ ಹೊತ್ತಲ್ಲಿ ಇಂಜಿನ್ ಮೇಲೆ ತಣ್ಣೀರು ಸುರೀಬೇಡಿ, ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ್ರೆ ಏನಾಗತ್ತೆ ಗೊತ್ತಲ್ಲ, ಎರಕದ ಲೋಹ ದಿಢೀರಂತ ಕುಗ್ಗಿ ಬಿರುಕು ಬಿಡಬಹುದು. ಫ್ಯಾನ್ ಹತ್ರ ಕೈ ಹಾಕ್ಬೇಡಿ, ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಅದು ತಾನಾಗೇ ತಿರುಗತ್ತೆ.

ತಣ್ಣಗಾದ ಮೇಲೆ ಕುಡಿಯೋ ನೀರೇ ಹಾಕಿ, ಎಮರ್ಜೆನ್ಸಿಗೆ ಪರ್ವಾಗಿಲ್ಲ. ಹೋಸ್ ಒಡೆದಿದ್ರೆ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿ ಎರಡೂ ಕಡೆ ಕ್ಲಿಪ್ ಹಾಕಿ, ಹತ್ತಿರದ ಊರಿನವರೆಗೂ ಬರಬಹುದು, ಐದೈದು ಕಿಲೋಮೀಟರಿಗೆ ನಿಲ್ಲಿಸಿ ನೋಡ್ತಾ. ಲಾರಿಯವ್ರು ರೇಡಿಯೇಟರ್ ಒಳಗೆ ಅರಿಶಿನ ಪುಡಿ ಹಾಕೋದನ್ನ ನೀವೂ ಕೇಳಿರ್ತೀರಿ. ಸಣ್ಣ ತೂತನ್ನ ಅದು ಸ್ವಲ್ಪ ಹೊತ್ತು ಮುಚ್ಚತ್ತೆ, ನಿಜ. ಆದ್ರೆ ಇವತ್ತಿನ ಕಾರಿನ ರೇಡಿಯೇಟರ್ ಮತ್ತೆ ಹೀಟರ್ ಕೊಳವೆಗಳು ಎಷ್ಟು ಸಣ್ಣ ಅಂದ್ರೆ ಪುಡಿ ಅಲ್ಲೇ ಕೂತು ದಾರಿ ಕಟ್ಟತ್ತೆ, ಅಂಗಡೀಲಿ ಸಿಗೋ ಲೀಕ್ ನಿಲ್ಲಿಸೋ ಬಾಟ್ಲಿಗಳ ಕಥೆನೂ ಅದೇ. ಕಾಡಿನ ಮಧ್ಯೆ ರಾತ್ರಿ ಸಿಕ್ಕಿಹಾಕ್ಕೊಂಡು ಬೇರೆ ದಾರಿನೇ ಇಲ್ಲ ಅಂದಾಗ ಬಿಟ್ರೆ ನಾನು ಹಾಕಲ್ಲ.

ಮುಚ್ಚಳ ಮಾಡೋ ಕೆಲಸ

ಲೀಕ್ ಹುಡುಕೋಕೆ ಮುಂಚೆ ಇದೊಂದು ಅರ್ಥ ಆಗ್ಬೇಕು. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆ ನೀರು ಹತ್ತತ್ರ 97 ಡಿಗ್ರಿಗೇ ಕುದಿಯತ್ತೆ, ಇಂಜಿನ್ ಮಾಮೂಲಿಯಾಗಿ ಓಡೋದೇ 90 ಆಸುಪಾಸಲ್ಲಿ, ಅಂದ್ರೆ ನಡುವೆ ಜಾಗನೇ ಇಲ್ಲ. ಅದಕ್ಕೇ ಕುಕ್ಕರ್ ಥರ ಪ್ರೆಷರ್ ಹಿಡಿಯೋ ಮುಚ್ಚಳ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರತ್ತೆ ನೋಡಿ, ಅದು ಬಾರ್ ಲೆಕ್ಕದಲ್ಲಿ ಪ್ರೆಷರ್. 0.9 ಹಿಡಿದ್ರೆ ಬರೀ ನೀರೇ 118 ಡಿಗ್ರಿ ಹತ್ರ ಹೋಗೋ ತನಕ ಕುದಿಯಲ್ಲ, ಅರ್ಧಕ್ಕರ್ಧ ಕೂಲೆಂಟ್ ಇದ್ರೆ 125 ಆಸುಪಾಸು. ಅದೇ ಮುಚ್ಚಳದ ರಬ್ಬರ್ ಸವೆದು ಪ್ರೆಷರ್ ಹಿಡೀದೇ ಹೋದ್ರೆ ಬೇರೆಲ್ಲಾ ಸರಿ ಇದ್ರೂ ಘಾಟಲ್ಲಿ ಕುದಿಯತ್ತೆ.

ಇದರಿಂದ ಇನ್ನೊಂದು ವಿಷಯ ಗೊತ್ತಾಗತ್ತೆ, ಪ್ರೆಷರ್ ಬಂದಾಗ ಮಾತ್ರ ಸೋರೋ ಲೀಕುಗಳು ಜಾಸ್ತಿ. ಬೆಳಗ್ಗೆ ತಣ್ಣಗೆ ನಿಂತ ಗಾಡಿ ಕೆಳಗೆ ಒಂದು ತೊಟ್ಟೂ ಇರಲ್ಲ, ಓಡುವಾಗ ಸೋರಿದ್ದು ಬಿಸಿ ಇಂಜಿನ್ ಮೇಲೇ ಆವಿ ಆಗಿ ಹೋಗಿರತ್ತೆ. ನನ್ನ ಗಾಡೀಲಿ ಆಗಿದ್ದೂ ಅದೇ, ನೆಲ ನೋಡಿ ನೋಡಿ ಲೀಕ್ ಇಲ್ಲ ಅಂತಿದ್ವಿ.

ಯಾವಾಗ ಹೀಟ್ ಆಗ್ತಿದೆ ಅನ್ನೋದೇ ಮೊದಲ ಸುಳಿವು

ಸ್ಪ್ಯಾನರ್ ಹಿಡಿಯೋಕೆ ಮುಂಚೆ ಎರಡು ದಿನ ಗಮನ ಇಟ್ಟು ನೋಡಿ, ಆದ್ರೆ ಲೆವೆಲ್ ಸರಿ ಇಟ್ಕೊಂಡು, ಊರೊಳಗೆ ಮಾತ್ರ. ಸಿಗ್ನಲ್ಲಲ್ಲಿ, ಟ್ರಾಫಿಕ್ಕಲ್ಲಿ ಹೀಟ್ ಆಗಿ ಹೈವೇ ಹತ್ತಿದ ತಕ್ಷಣ ಇಳೀತಿದ್ರೆ ಫ್ಯಾನ್ ಮೇಲೆ ಅನುಮಾನ ಪಡಿ, ಯಾಕಂದ್ರೆ ಓಡುವಾಗ ಗಾಳಿ ತಾನಾಗೇ ಬರತ್ತೆ, ನಿಂತಾಗ ಫ್ಯಾನೇ ಗತಿ. ಉಲ್ಟಾ, ಊರಲ್ಲಿ ಸರಿ ಇದ್ದು ಏರಲ್ಲಿ, ಸ್ಪೀಡಲ್ಲಿ ಹೀಟ್ ಆಗ್ತಿದ್ರೆ ಕೂಲೆಂಟ್ ಕಮ್ಮಿ ಇದೆ, ಅಥವಾ ರೇಡಿಯೇಟರ್ ಕಟ್ಟಿದೆ, ಅಥವಾ ವಾಟರ್ ಪಂಪ್ ಸರಿಯಾಗಿ ತಳ್ತಿಲ್ಲ. ಸ್ಟಾರ್ಟ್ ಮಾಡಿ ಐದ್ಹತ್ತು ನಿಮಿಷಕ್ಕೇ ಮುಳ್ಳು ಏರ್ತಿದ್ದು ರೇಡಿಯೇಟರ್ ಮಾತ್ರ ತಣ್ಣಗಿದ್ರೆ ಥರ್ಮೋಸ್ಟಾಟ್ ಮುಚ್ಕೊಂಡೇ ನಿಂತಿರಬಹುದು, ಇಲ್ಲ ಒಳಗೆ ಗಾಳಿ ಸಿಕ್ಕಿಹಾಕ್ಕೊಂಡಿರಬಹುದು.

ಫ್ಯಾನ್ ನೋಡೋದು ಸುಲಭ. ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಹುಪಾಲು ಗಾಡಿಗಳಲ್ಲಿ ಫ್ಯಾನ್ ತಿರುಗಲೇಬೇಕು. ತಿರುಗದೇ ಇದ್ರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಹಾರ್ನಿಗೋ ಬೇರೆದಕ್ಕೋ ಅದೇ ನಂಬರಿನ ರಿಲೇ ಇದ್ರೆ ಅದಲು ಬದಲು ಮಾಡಿ ನೋಡಿ. ಎರಡೂ ಸರಿ ಇದ್ರೆ ಫ್ಯಾನ್ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಇರೋ ವೈರಲ್ಲಿ ಕರೆಂಟ್ ಕೊಡಿ, ಆಗ್ಲೂ ತಿರುಗಲಿಲ್ಲ ಅಂದ್ರೆ ಮೋಟರ್ ಹೋಗಿದೆ. ಇಲಿ ವೈರ್ ಕಡಿದಿದೆಯಾ ಅಂತಾನೂ ನೋಡಿ, ಮಳೆಗಾಲದಲ್ಲಿ ನಿಲ್ಲಿಸಿದ ಗಾಡಿಗೆ ಇದು ಮಾಮೂಲಿ ಕಾಟ, ತೆಳು ಹೋಸ್ ಪೈಪುಗಳನ್ನೂ ಬಿಡಲ್ಲ.

ನಮ್ಮ ಕಡೆ ಇನ್ನೊಂದು ಇದೆ. ಸುಗ್ಗಿ ಟೈಮಲ್ಲಿ ರಾಗಿ, ಹುರುಳಿ ತಂದು ರೋಡ್ ಮೇಲೆ ಹರಡಿ ಒಕ್ಕಣೆ ಮಾಡ್ತಾರಲ್ಲ, ಅದರ ಮೇಲೆ ಗಾಡಿ ಹೋದಾಗ ಹೊಟ್ಟು ದೂಳೆಲ್ಲಾ ಎದ್ದು ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರೋ ಎಸಿ ಜಾಲರಿ) ಮತ್ತೆ ರೇಡಿಯೇಟರ್ ನಡುವಿನ ಸಂದೀಲಿ ಕೂರತ್ತೆ. ಮುಂದಿನಿಂದ ನೋಡಿದ್ರೆ ಕ್ಲೀನಾಗೇ ಕಾಣತ್ತೆ, ಸಂದೀಲಿ ಟಾರ್ಚ್ ಬಿಟ್ರೆ ಕಂಬಳಿ ಹೊದಿಸಿದ ಹಾಗೆ. ಇಂಜಿನ್ ಕಡೆಯಿಂದ ಮುಂದಕ್ಕೆ ತಳ್ಳೋ ಹಾಗೆ ಮಾಮೂಲಿ ನಲ್ಲಿ ಪೈಪಲ್ಲಿ ನೀರು ಬಿಟ್ಟು ತೊಳೀರಿ, ವಾಟರ್ ಸರ್ವಿಸ್ ಗನ್ ಹತ್ರ ಹಿಡಿದ್ರೆ ರೆಕ್ಕೆಗಳೆಲ್ಲಾ ಮಡಚಿ ಹೋಗತ್ತೆ. ಕಾರಿನ ಕೆಳಗೆ ಹುಲ್ಲು ಸುತ್ಕೊಂಡಿದ್ಯಾ ನೋಡಿ, ಸೈಲೆನ್ಸರ್ ಬಿಸಿಗೆ ಅದು ಹೊತ್ಕೊಳ್ಳೋ ಅಪಾಯ ಬೇರೆ.

ಲೀಕ್ ಹುಡುಕೋದು, ಹಂತ ಹಂತವಾಗಿ

ಪೂರ್ತಿ ತಣ್ಣಗಾದ ಇಂಜಿನ್ನಲ್ಲಿ ಬೆಳಗ್ಗೆ ಶುರು ಮಾಡಿ. ಮೊದಲು ಲೆವೆಲ್. ಇಲ್ಲಿ ತುಂಬಾ ಜನ ಮೋಸ ಹೋಗೋದು, ರೇಡಿಯೇಟರ್ ಮೇಲೇ ಮುಚ್ಚಳ ಇರೋ ಗಾಡಿಗಳಲ್ಲಿ ಪಕ್ಕದ ಪ್ಲಾಸ್ಟಿಕ್ ಬಾಟ್ಲು ತುಂಬಿರಬಹುದು, ರೇಡಿಯೇಟರ್ ಒಳಗೆ ಖಾಲಿ ಇರಬಹುದು. ಬಿಸಿ ಆದಾಗ ಹಿಗ್ಗಿದ ಕೂಲೆಂಟ್ ಬಾಟ್ಲಿಗೆ ಹೋಗಿ, ತಣ್ಣಗಾದಾಗ ಮುಚ್ಚಳದ ಮಧ್ಯದ ಚಿಕ್ಕ ವಾಲ್ವ್ ಮೂಲಕ ವಾಪಸ್ ಎಳ್ಕೋಬೇಕು, ಆ ವಾಲ್ವ್ ಅಂಟ್ಕೊಂಡ್ರೆ ಅಥವಾ ಎಲ್ಲೋ ಗಾಳಿ ಎಳೀತಿದ್ರೆ ವಾಪಸ್ ಬರಲ್ಲ. ತಣ್ಣಗಾದಾಗ ಮೇಲಿನ ಹೋಸ್ ಹಿಂಡಿದ ಹಾಗೆ ಚಪ್ಪಟೆ ಆಗಿದ್ರೆ ಆ ವಾಲ್ವ್ ಕೆಲಸ ಮಾಡ್ತಿಲ್ಲ. ಹಾಗಾಗಿ ಬಾಟ್ಲು ನೋಡಿ ಸುಮ್ನಾಗ್ಬೇಡಿ, ಮುಚ್ಚಳ ತೆಗೆದು ಕತ್ತಿನವರೆಗೂ ಇದ್ಯಾ ಅಂತ ಕಣ್ಣಲ್ಲಿ ನೋಡಿ. ಬಾಟ್ಲಿಗೇ ಪ್ರೆಷರ್ ಮುಚ್ಚಳ ಇರೋ ಗಾಡಿಗಳಲ್ಲಿ ಬಾಟ್ಲಲ್ಲಿ ಕಾಣೋದೇ ನಿಜವಾದ ಲೆವೆಲ್.

ಆಮೇಲೆ ಟಾರ್ಚ್ ಹಿಡ್ಕೊಂಡು ಕಲೆ ಹುಡುಕಿ. ಕೂಲೆಂಟ್ ಒಣಗಿದ ಜಾಗದಲ್ಲಿ ಉಪ್ಪು ಕಟ್ಟಿದ ಹಾಗೆ ಬಿಳಿಯೋ, ತಿಳಿ ಹಸಿರೋ, ಗುಲಾಬಿಯೋ ಪುಡಿ ಅಂಟಿರತ್ತೆ, ಹಸಿ ಲೀಕ್‌ಗಿಂತ ಈ ಒಣ ಕಲೆ ಜಾಸ್ತಿ ಹೇಳತ್ತೆ. ಮೇಲಿನ ಮತ್ತೆ ಕೆಳಗಿನ ದಪ್ಪ ಹೋಸಿನ ಎರಡೂ ತುದಿ, ಕ್ಲಿಪ್ಪಿನ ಕೆಳಗೆ. ಹೋಸ್ ಹಿಂಡಿ ನೋಡಿ, ಬಿರುಕು ಬಿಟ್ಟಿದ್ರೆ, ತುಂಬಾ ಮೆತ್ತಗಿದ್ರೆ, ಒಂದು ಕಡೆ ಉಬ್ಬಿದ್ರೆ ಅದರ ಆಯಸ್ಸು ಮುಗಿದಿದೆ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಮ್ಮಿಗೆ ಸೇರೋ ಅಂಚು ಉದ್ದಕ್ಕೂ, ವಿಶೇಷವಾಗಿ ಫ್ಯಾನ್ ಕವರಿನ ಹಿಂದೆ ಮುಚ್ಚಿರೋ ಭಾಗ. ಥರ್ಮೋಸ್ಟಾಟ್ ಕೂರೋ ಮನೆಯ ಗ್ಯಾಸ್ಕೆಟ್. ಡ್ಯಾಶ್‌ಬೋರ್ಡ್ ಹಿಂದಕ್ಕೆ ಹೋಗೋ ಎರಡು ಹೀಟರ್ ಹೋಸು. ಇಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿಗೆ ಹೋಗೋ ಬೆರಳಷ್ಟು ಸಣ್ಣ ಪೈಪು, ಇದನ್ನ ಯಾರೂ ನೋಡಲ್ಲ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಬೇಕಂತಲೇ ಕೊಟ್ಟಿರ್ತಾರೆ, ಒಳಗಿನ ಸೀಲ್ ಹೋದಾಗ ಅಲ್ಲಿಂದ ಸೋರಲಿ ಅಂತ, ಅಲ್ಲಿ ಕಲೆ ಉದ್ದಕ್ಕೆ ಇಳಿದಿದ್ರೆ ಪಂಪ್ ಬದಲಾಯಿಸಬೇಕು. ತೂತು ಮುಚ್ಚೋಕೆ ಹೋಗ್ಬೇಡಿ, ಸೋರಿದ್ದು ಬೇರಿಂಗಿಗೆ ಹೋಗಿ ಪಂಪೇ ಜಾಮ್ ಆಗತ್ತೆ. ಇಂಜಿನ್ ಬ್ಲಾಕ್ ಪಕ್ಕದಲ್ಲಿ ದುಂಡಗಿನ ತಗಡಿನ ಬಿಲ್ಲೆ ಬಡಿದು ಕೂರಿಸಿರ್ತಾರೆ, ಬರೀ ನೀರಲ್ಲೇ ವರ್ಷಗಟ್ಟಲೆ ಓಡಿದ ಗಾಡಿಗಳಲ್ಲಿ ಅದು ತುಕ್ಕು ತಿಂದು ಸೋರತ್ತೆ.

ಒಳಗೂ ನೋಡಿ. ಮುಂದಿನ ಸೀಟಿನ ಕಾಲಿಡೋ ಜಾಗದ ಮ್ಯಾಟ್ ಎತ್ತಿ ಕೈಯಾಡಿಸಿ, ಅಂಟಂಟು ಒದ್ದೆ ಇದ್ಯಾ, ಗಾಡಿ ಒಳಗೆ ಸಿಹಿ ವಾಸನೆ ಬರ್ತಿದ್ಯಾ, ಮುಂದಿನ ಗಾಜಿನ ಒಳಗಡೆ ಒರೆಸಿದ್ರೂ ಹೋಗದ ಜಿಡ್ಡಿನ ಮಂಜು ಕೂರ್ತಿದ್ಯಾ, ಹಾಗಿದ್ರೆ ಹೀಟರ್ ಕೋರ್, ಅಂದ್ರೆ ಹೀಟರಿನ ಆ ಚಿಕ್ಕ ರೇಡಿಯೇಟರ್, ಸೋರ್ತಿದೆ. ಗಾಡಿ ಕೆಳಗೆ ಬೀಳೋ ಬಣ್ಣ ಇಲ್ಲದ, ವಾಸನೆ ಇಲ್ಲದ ನೀರು ಎಸಿ ನೀರು, ಅದಕ್ಕೆ ಹೆದರ್ಬೇಡಿ. ಬೆರಳಿಗೆ ಜಾರಿದ ಹಾಗೆ ಬಣ್ಣ ಬಣ್ಣ ಇದ್ರೆ ಕೂಲೆಂಟ್. ನಾಲಿಗೆಗೆ ಇಟ್ಟು ನೋಡೋ ಕೆಲಸ ಬೇಡ, ಕೂಲೆಂಟಲ್ಲಿರೋ ಎಥಿಲೀನ್ ಗ್ಲೈಕಾಲ್ ವಿಷ.

ಕಣ್ಣಿಗೆ ಏನೂ ಸಿಗಲಿಲ್ಲ ಅಂದ್ರೆ ಪ್ರೆಷರ್ ಟೆಸ್ಟ್, ಸಿಕ್ಕಿದ್ರೂ ಮಾಡಿಸೋದು ಒಳ್ಳೇದು, ಯಾಕಂದ್ರೆ ಒಂದು ಲೀಕ್ ಮುಚ್ಚಿದ ಮೇಲೆ ಪ್ರೆಷರ್ ಪೂರ್ತಿ ಏರಿ ಎರಡನೇದು ಶುರು ಆಗೋದು ಉಂಟು. ಸೈಕಲ್ ಪಂಪ್ ಥರದ್ದು, ಮುಚ್ಚಳದ ಜಾಗದಲ್ಲಿ ಕೂತ್ಕೊಳತ್ತೆ, ಮೇಲೆ ಮೀಟರ್ ಇರತ್ತೆ. ಇಂಜಿನ್ ತಣ್ಣಗಿದ್ದಾಗ ಕೂಲೆಂಟ್ ತುಂಬಿ, ಮುಚ್ಚಳದ ಮೇಲೆ ಬರೆದಿರೋ ಪ್ರೆಷರ್ ತನಕ ಹೊಡೀರಿ, ಅದಕ್ಕಿಂತ ಮೇಲೆ ಬೇಡ, ಇಲ್ಲದ ಲೀಕ್ ನಾವೇ ಹುಟ್ಟಿಸಿದ ಹಾಗಾಗತ್ತೆ. ಹತ್ತು ಹದಿನೈದು ನಿಮಿಷ ಮುಳ್ಳು ಅಲ್ಲಾಡದೇ ನಿಂತ್ರೆ ಸರಿ. ಇಳೀತಿದ್ರೆ ಟಾರ್ಚ್ ಹಿಡ್ಕೊಂಡು ಕೂತು ನೋಡಿ, ಎಲ್ಲಿಂದ ತೊಟ್ಟಿಕ್ಕತ್ತೆ ಅಂತ ಕಾಣತ್ತೆ, ಇಂಜಿನ್ ತಣ್ಣಗಿರೋದ್ರಿಂದ ಆವಿ ಆಗಿ ಮಾಯ ಆಗಲ್ಲ. ಅದೇ ಪಂಪಿಗೆ ಅಡಾಪ್ಟರ್ ಹಾಕಿ ಮುಚ್ಚಳವನ್ನೂ ಟೆಸ್ಟ್ ಮಾಡ್ಬಹುದು. ಗ್ಯಾರೇಜಿಗೆ ಗಾಡಿ ಬಿಡೋ ಮುಂಚೆ ಪ್ರೆಷರ್ ಟೆಸ್ಟರ್ ಇದ್ಯಾ ಅಂತ ಕೇಳಿ. ಇಲ್ಲ ಸಾರ್ ನೋಡಿದ್ರೇ ಗೊತ್ತಾಗತ್ತೆ ಅಂದ್ರೆ ಬೇರೆ ಕಡೆ ಹೋಗಿ, ನಾನಂತೂ ಹಾಗೇ ಮಾಡೋದು.

ಹೊರಗೆ ಲೀಕ್ ಇಲ್ಲ, ಆದ್ರೂ ಕೂಲೆಂಟ್ ಕಾಣೆ

ಪ್ರೆಷರ್ ಇಳೀತಿದೆ, ಹೊರಗೆ ಒಂದು ತೊಟ್ಟೂ ಇಲ್ಲ, ಮ್ಯಾಟ್ ಕೆಳಗೂ ಒಣಗಿದೆ ಅಂದ್ರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡ್ಬೇಕು. ಆಯಿಲ್ ಹಾಕೋ ಮುಚ್ಚಳ ತೆಗೆದು ಒಳಗಡೆ ನೋಡಿ, ಹಾಲು ಜಾಸ್ತಿ ಆದ ಕಾಫಿ ಬಣ್ಣದ ನೊರೆ ಇದ್ರೆ ಅನುಮಾನ. ಚಳಿಗಾಲದಲ್ಲಿ ಬರೀ ಎರಡು ಕಿಲೋಮೀಟರ್ ಓಡಿಸೋ ಗಾಡೀಲಿ ತೇವಕ್ಕೂ ಸ್ವಲ್ಪ ಹೀಗೆ ಕಟ್ಟತ್ತೆ, ಹಾಗಾಗಿ ಆಯಿಲ್ ಕಡ್ಡೀನೂ ತೆಗೆದು ನೋಡಿ, ಅಲ್ಲೂ ಅದೇ ಬಣ್ಣ ಇದ್ರೆ ಇಂಜಿನ್ ಸ್ಟಾರ್ಟ್ ಮಾಡ್ಲೇಬೇಡಿ, ಬೇರಿಂಗ್ ಹೋಗತ್ತೆ. ಬೆಳಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಥರ ಗಟ್ಟಿ ಆದ್ರೆ, ಇನ್ನೂ ಬಿಸಿನೇ ಆಗದೇ ಪ್ರೆಷರ್ ಎಲ್ಲಿಂದ ಬಂತು, ಸಿಲಿಂಡರಿಂದ ಬರ್ತಿದೆ ಅಂತ ಅರ್ಥ. ಸೈಲೆನ್ಸರಿಂದ ಸಿಹಿ ವಾಸನೆ ಬಿಳಿ ಹೊಗೆ ಗಾಡಿ ಬಿಸಿ ಆದ ಮೇಲೂ ನಿಲ್ಲದೇ ಇರೋದು, ಬೆಳಗ್ಗೆ ಸ್ಟಾರ್ಟಿಂಗಲ್ಲಿ ಒಂದು ಸಿಲಿಂಡರ್ ಸತ್ತ ಹಾಗೆ ಗಡಗಡ ಅನ್ನೋದು, ಇವೂ ಸುಳಿವು.

ಖಾತ್ರಿ ಮಾಡ್ಕೊಳ್ಳೋಕೆ ನೀಲಿ ದ್ರವದ ಟೆಸ್ಟ್ ಇದೆ. ರೇಡಿಯೇಟರ್ ಬಾಯಲ್ಲಿ ಒಂದು ಕೊಳವೆ ಇಟ್ಟು ಮೇಲಿನ ಗಾಳೀನ ಆ ದ್ರವದೊಳಗೆ ಎಳೀತಾರೆ, ಸುಟ್ಟ ಗ್ಯಾಸ್ ಇದ್ರೆ ನೀಲಿ ಹೋಗಿ ಹಳದಿ ಆಗತ್ತೆ. ಹಳದಿ ಆಯ್ತು ಅಂದ್ರೆ ಇದು ಮನೇಲಿ ಮಾಡೋ ಕೆಲಸ ಅಲ್ಲ, ಹೆಡ್ ಬಿಚ್ಚಿಸಬೇಕು. ಆಗ ಒಂದು ಮಾತು ಪಟ್ಟು ಹಿಡಿದು ಹೇಳಿ, ಹೆಡ್ಡನ್ನ ಲೇತಲ್ಲಿ ಸೊಟ್ಟ ಇದ್ಯಾ, ಬಿರುಕು ಇದ್ಯಾ ನೋಡಿಸಿ ಆಮೇಲೇ ಹೊಸ ಗ್ಯಾಸ್ಕೆಟ್ ಹಾಕಿ ಅಂತ. ಅದನ್ನ ಬಿಟ್ಟು ಬರೀ ಗ್ಯಾಸ್ಕೆಟ್ ಹಾಕಿದ್ರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಸರಿ ಮಾಡೋದು

ಮುಚ್ಚಳದ ಮೇಲೆ ಅನುಮಾನ ಇದ್ರೆ ಮೊದಲು ಅದನ್ನೇ ಬದಲಾಯಿಸಿ, ಇಡೀ ಸಿಸ್ಟಮ್ಮಲ್ಲಿ ಅಗ್ಗದ ಪಾರ್ಟ್ ಅದು. ಅದೇ ನಂಬರಿಂದೇ ಬೇಕು, 0.9 ಇದ್ದಲ್ಲಿ 1.1 ಹಾಕಿದ್ರೆ ಹಳೇ ಹೋಸು, ಹಳೇ ರೇಡಿಯೇಟರ್ ತಡ್ಕೊಳ್ಳಲ್ಲ. ಪಾರ್ಟ್ಸ್ ತರೋವಾಗ ಆರ್‌ಸಿ ಫೋಟೋ ಮತ್ತೆ ಹಳೇ ಪಾರ್ಟ್ ಜೊತೇಲಿ ತಗೊಂಡು ಹೋಗಿ, ಬೆಂಗಳೂರಲ್ಲಿ ಜೆಸಿ ರೋಡಲ್ಲಿ ಸುತ್ತಿದ್ರೆ ಸಿಗದೇ ಇರೋದು ಕಮ್ಮಿ, ಆದ್ರೆ ಡೂಪ್ಲಿಕೇಟ್ ಮೇಲೆ ಕಣ್ಣಿರಲಿ.

ಹೋಸ್ ಬದಲಾಯಿಸೋದು ಮನೇಲೇ ಆಗತ್ತೆ. ಇಂಜಿನ್ ತಣ್ಣಗಿರಬೇಕು, ಕೆಳಗೆ ಅಗಲ ಬೇಸಿನ್ ಇಟ್ಟು ರೇಡಿಯೇಟರ್ ಕೆಳಗಿನ ಡ್ರೈನ್ ತಿರುಪು ನಿಧಾನಕ್ಕೆ ಸಡಿಲ ಮಾಡಿ, ಅದು ಪ್ಲಾಸ್ಟಿಕ್, ಜೋರು ಮಾಡಿದ್ರೆ ಮುರಿಯತ್ತೆ. ಸ್ಪ್ರಿಂಗ್ ಕ್ಲಿಪ್ ಆದ್ರೆ ಕಟಿಂಗ್ ಪ್ಲೇಯರಲ್ಲಿ ಹಿಂಡಿ ಹಿಂದಕ್ಕೆ ಸರಿಸಿ. ಹೋಸ್ ಬರ್ತಿಲ್ಲ ಅಂತ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ರೇಡಿಯೇಟರ್ ಕತ್ತು ಪ್ಲಾಸ್ಟಿಕ್, ಸೀಳಿ ಬಿಡತ್ತೆ. ಕೈಲಿ ಹಿಡಿದು ತಿರುಚಿ, ಬಿಡ್ಲೇ ಇಲ್ಲ ಅಂದ್ರೆ ಹಳೇ ಹೋಸನ್ನ ಉದ್ದಕ್ಕೆ ಬ್ಲೇಡಲ್ಲಿ ಹುಷಾರಾಗಿ ಕುಯ್ದು ಬಿಡಿಸಿ. ಕತ್ತಿನ ಮೇಲೆ ಕೂತ ಪುಡಿ ಎಲ್ಲಾ ಒರೆಸಿ, ಹೊಸ ಹೋಸ್ ತಳ್ಳಿ, ಕ್ಲಿಪ್ ಅನ್ನೋದು ಕತ್ತಿನ ತುದೀಲಿರೋ ಉಬ್ಬು ದಾಟಿ ಅದರ ಹಿಂದೆ ಕೂರಬೇಕು. ಉಬ್ಬಿನ ಮೇಲೇ ಬಿಗಿದ್ರೆ ಮೊದಲ ಬಿಸಿಗೇ ಜಾರತ್ತೆ.

ರೇಡಿಯೇಟರ್ ಅಂಚು ಬಿಟ್ಟಿದ್ರೆ ಎಂ‌ಸೀಲ್ ಮೆತ್ತಿ ಊರು ಸೇರಬಹುದು, ರಿಪೇರಿ ಅಂತ ಅದನ್ನೇ ಬಿಡ್ಬೇಡಿ, ಪ್ಲಾಸ್ಟಿಕ್ ಹಿಗ್ಗಿ ಕುಗ್ಗಿ ಅದು ಬಿಟ್ಕೊಳ್ಳತ್ತೆ. ಹೊಸ ರೇಡಿಯೇಟರೇ ಹಾಕಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಕೂಲೆಂಟ್ ಇಳಿಸಿ, ಫ್ಯಾನ್ ಸಾಕೆಟ್ ತೆಗೆದು, ಹೋಸ್ ಬಿಚ್ಚಿ, ಮೇಲಿನ ಬ್ರಾಕೆಟ್ ಬೋಲ್ಟ್ ತೆಗೆದ್ರೆ ಚಿಕ್ಕ ಗಾಡಿಗಳಲ್ಲಿ ಮೇಲಕ್ಕೇ ಬರತ್ತೆ. ಎಸಿ ಕಂಡೆನ್ಸರ್ ಪೈಪ್ ಮಾತ್ರ ಬಿಚ್ಚಬೇಡಿ, ಗ್ಯಾಸ್ ಹೋಗತ್ತೆ. ಆಟೋಮ್ಯಾಟಿಕ್ ಗಾಡಿ ಆಗಿ ಗೇರ್ ಆಯಿಲ್ ಪೈಪು ರೇಡಿಯೇಟರಿಗೆ ಬಂದಿದ್ರೆ ಆ ಕೆಲಸ ತಿಳಿದವರ ಕೈಗೆ ಕೊಡಿ.

ಥರ್ಮೋಸ್ಟಾಟ್ ಬಗ್ಗೆ ನಂಗೆ ತುಂಬಾ ಬೇಜಾರಿದೆ, ಅದನ್ನ ತೆಗೆದು ಬಿಡೋದು ನಮ್ಮಲ್ಲಿ ಒಂದು ಚಿಕಿತ್ಸೆ ಆಗೋಗಿದೆ. ವಾಲ್ವ್ ಇಲ್ಲದ ಇಂಜಿನ್ ಬಿಸಿ ಆಗೋಕೆ ತುಂಬಾ ಹೊತ್ತು ತಗೊಳತ್ತೆ, ತಣ್ಣನೆ ಇಂಜಿನ್ ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಕೊಡತ್ತೆ, ಮೈಲೇಜ್ ಬೀಳತ್ತೆ, ಇಂಜಿನ್ ಸವೆತ ಜಾಸ್ತಿ. ಎಲ್ಲಕ್ಕಿಂತ ಕೆಟ್ಟದ್ದು ಏನಂದ್ರೆ ಲೀಕ್ ಆಗಿ ಕಮ್ಮಿ ಆದ ಕೂಲೆಂಟನ್ನ ಇದು ಮುಚ್ಚಿಡತ್ತೆ, ಘಾಟ್ ಬರೋ ತನಕ ಗೊತ್ತೇ ಆಗಲ್ಲ. ಇರೋದು ಸರಿ ಇದ್ಯಾ ಅಂತ ಅಡುಗೆ ಮನೇಲೇ ನೋಡಬಹುದು. ಹಳೇ ಪಾತ್ರೇಲಿ ನೀರಿಟ್ಟು, ದಾರ ಕಟ್ಟಿ ತಳ ಮುಟ್ಟದ ಹಾಗೆ ಇಳಿಬಿಟ್ಟು ಕಾಯಿಸಿ, ಮೈ ಮೇಲೆ 82 ಅಥವಾ 88 ಅಂತ ಕೊರೆದಿರತ್ತೆ, ಆ ಡಿಗ್ರಿ ಹತ್ರ ಬಾಯಿ ಬಿಡೋಕೆ ಶುರು ಮಾಡಿ ನೀರು ಕುದಿಯೋ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು. ವಾಪಸ್ ಹಾಕೋವಾಗ ಅದರ ತಟ್ಟೇಲಿ ಸಣ್ಣ ಗುಂಡು ಅಲ್ಲಾಡೋ ತೂತು ಇದ್ರೆ ಅದು ಮೇಲ್ಗಡೆ ಬರಲಿ, ಗಾಳಿ ಹೋಗೋ ದಾರಿ ಅದು. ಗ್ಯಾಸ್ಕೆಟ್ ಹೊಸದು, ಕೂರೋ ಜಾಗ ಕ್ಲೀನ್, ಬೋಲ್ಟ್ ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ ಬಿಗೀರಿ.

ವಾಟರ್ ಪಂಪ್ ಹೊರಗಿನ ಬೆಲ್ಟಲ್ಲಿ ತಿರುಗೋದಾದ್ರೆ ಕೈ ಪಳಗಿದವರು ಮನೇಲಿ ಮಾಡಬಹುದು. ಟೈಮಿಂಗ್ ಬೆಲ್ಟಲ್ಲಿ ತಿರುಗೋದಾದ್ರೆ ಬೇಡ, ಬೆಲ್ಟಿನ ಹಲ್ಲು ತಪ್ಪಿ ಕೂತ್ರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ಬಾಗೋ ಅಪಾಯ ಇದೆ. ಗ್ಯಾರೇಜಲ್ಲಿ ಮಾಡ್ಸೋವಾಗ ಬೆಲ್ಟೂ ಒಟ್ಟಿಗೇ ಹೊಸದು ಹಾಕಿಸಿ, ಬಿಚ್ಚೋ ಕೂಲಿ ಒಂದೇ.

ತೊಳೆದು, ತುಂಬಿ, ಗಾಳಿ ತೆಗೆಯೋದು

ಹಳೇದು ಇಳಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಇಂಜಿನ್ ಬಿಸಿ ಆಗಿ ಮೇಲಿನ ಹೋಸ್ ಬಿಸಿ ಆಗೋ ತನಕ ಓಡಿಸಿ, ತಣ್ಣಗಾಗೋಕೆ ಬಿಟ್ಟು ಇಳಿಸಿ. ತಿಳಿ ನೀರು ಬರೋ ತನಕ ಹೀಗೇ. ಬೋರ್‌ವೆಲ್ ನೀರು ಬೇಡ, ಹಂಡೆ ಒಳಗೆ ಸುಣ್ಣ ಕಟ್ಟತ್ತಲ್ಲ, ರೇಡಿಯೇಟರ್ ಒಳಗೂ ಹಾಗೇ ಕಟ್ಟತ್ತೆ. ಎಸಿ ಯಿಂದ ಇಳಿಯೋ ನೀರು ಹಿಡಿದು ಹಾಕೋರಿದ್ದಾರೆ, ಅದ್ರಲ್ಲಿ ಕಾಯಿಲ್ ದೂಳು ಎಲ್ಲಾ ಇರತ್ತೆ, ಬ್ಯಾಟರಿ ಅಂಗಡೀಲಿ ಸಿಗೋ ಡಿಸ್ಟಿಲ್ಡ್ ವಾಟರೇ ತನ್ನಿ.

ಇಲ್ಲೊಂದು ಲೆಕ್ಕ ಇದೆ. ಗಾಡಿಗೆ ಒಟ್ಟು 4 ಲೀಟರ್ ಹಿಡಿಯತ್ತೆ ಅಂದ್ಕೊಳ್ಳಿ, ಡ್ರೈನ್ ಬಿಚ್ಚಿದಾಗ ಬರೋದು 2.5 ಲೀಟರ್, ಉಳಿದ 1.5 ಲೀಟರ್ ನೀರು ಬ್ಲಾಕ್ ಒಳಗೇ ಇರತ್ತೆ. ಈಗ ರೆಡಿ ಮಿಕ್ಸ್ (ಮೊದಲೇ ನೀರು ಬೆರೆಸಿರೋ) ಕೂಲೆಂಟ್ ತುಂಬಿದ್ರೆ ಅದು ಇನ್ನೂ ನೀರಾಗಿ ಅರ್ಧಕ್ಕರ್ಧ ಬರೋದೇ ಇಲ್ಲ. ಅದಕ್ಕೇ ತೊಳೆದ ಮೇಲೆ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ತಗೊಂಡು ಒಟ್ಟಿನ ಅರ್ಧ, ಅಂದ್ರೆ 2 ಲೀಟರ್ ಅದನ್ನ ಹಾಕಿ, ಮಿಕ್ಕ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿ. ನಿಮ್ಮ ಗಾಡಿ ಅಳತೆ ಮ್ಯಾನ್ಯುಯಲಲ್ಲಿ ಇರತ್ತೆ. ಬಣ್ಣ ನೋಡಿ ಕೂಲೆಂಟ್ ತರಬೇಡಿ, ಹಸಿರು ನೀಲಿ ಕೆಂಪು ಅನ್ನೋದು ಕಂಪನಿ ಹಾಕೋ ಡೈ ಅಷ್ಟೇ, ಮ್ಯಾನ್ಯುಯಲಲ್ಲಿ ಹೇಳಿರೋ ಟೈಪ್ ಮುಖ್ಯ. ಎರಡು ಟೈಪ್ ಬೆರೆಸಬೇಡಿ.

ಗಾಳಿ ತೆಗೆಯೋದನ್ನ ಅವಸರದಲ್ಲಿ ಬಿಡ್ತಾರೆ, ಆಮೇಲೆ ಹೊಸ ರೇಡಿಯೇಟರ್ ಹಾಕಿದ್ರೂ ಹೀಟ್ ಆಗ್ತಿದೆ ಅಂತ ಬರ್ತಾರೆ. ಗಾಡಿ ಮುಂಭಾಗ ಸ್ವಲ್ಪ ಎತ್ತರ ಬರೋ ಹಾಗೆ ಏರಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ. ಕೂಲೆಂಟನ್ನ ನಿಧಾನಕ್ಕೆ ಸುರೀರಿ, ಮಧ್ಯೆ ಮಧ್ಯೆ ಹೋಸ್ ಹಿಂಡ್ತಾ ಇರಿ, ಗುಳುಗುಳು ಅಂತ ಗುಳ್ಳೆ ಬರತ್ತೆ. ಇಂಜಿನ್ ಮೇಲೆ ಗಾಳಿ ಬಿಡೋ ಸ್ಕ್ರೂ ಇದ್ರೆ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ದ್ರವ ಬಂದ ಮೇಲೆ ಬಿಗೀರಿ. ಮುಚ್ಚಳ ತೆಗೆದಿಟ್ಟೇ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಐಡಲಲ್ಲಿ ಬಿಡಿ, ಮುಖ ದೂರ ಇಟ್ಕೊಳ್ಳಿ, ಲೆವೆಲ್ ಇಳಿದ ಹಾಗೆ ತುಂಬ್ತಾ ಬನ್ನಿ, ಮೇಲಿನ ಹೋಸ್ ಬಿಸಿ ಆಗೋಕೆ ಶುರು ಆದ್ರೆ ಥರ್ಮೋಸ್ಟಾಟ್ ತೆರೀತು ಅಂತ, ಆಗ ಒಂದ್ಸಲ ಜೋರಾಗಿ ಇಳಿಯತ್ತೆ, ತುಂಬಿ ಮುಚ್ಚಳ ಹಾಕಿ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗೋ ತನಕ ಕಾಯಿರಿ, ಒಳಗೆ ಹೀಟರಿಂದ ಒಳ್ಳೇ ಬಿಸಿ ಗಾಳಿ ಬರಬೇಕು. ಬಾಟ್ಲಿಗೆ ಎರಡು ಗೆರೆ ಮಧ್ಯದವರೆಗೆ ಹಾಕಿ. ಮಾರನೇ ದಿನ ಬೆಳಗ್ಗೆ ತಣ್ಣಗಿದ್ದಾಗ ಮತ್ತೆ ನೋಡಿದ್ರೆ ಚೂರು ಇಳಿದಿರತ್ತೆ, ಉಳಿದ ಗಾಳಿ ಹೊರಗೆ ಬಂದಿರತ್ತೆ, ತುಂಬಿ.

ಇಳಿಸಿದ ಹಳೇ ಕೂಲೆಂಟನ್ನ ದಯವಿಟ್ಟು ಚರಂಡಿಗೆ, ರೋಡಿಗೆ ಚೆಲ್ಲಬೇಡಿ. ಅದು ಸಿಹಿ ಇರತ್ತೆ, ಬೀದಿ ನಾಯಿ, ದನ ಬಂದು ನೆಕ್ಕತ್ತೆ, ಕಿಡ್ನಿ ಹೋಗಿ ನರಳಿ ಸಾಯತ್ತೆ. ಕ್ಯಾನಿಗೆ ತುಂಬಿ ಮುಚ್ಚಿ, ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಲ್ಲಿ ಇದನ್ನೂ ತಗೋತಾರಾ ಕೇಳಿ ಅಲ್ಲಿ ಕೊಡಿ, ಮನೇಲಿ ಇಳಿಸಿದ ಬೇಸಿನ್ ತೊಳೆಯೋ ತನಕ ಅದರ ಹತ್ರಾನೇ ನಿಂತಿರಿ. ನಮ್ಮ ಬೀದೀಲಿ ಮರಿ ಹಾಕಿರೋ ನಾಯಿ ಒಂದಿದೆ, ಕಾರ್ ಕೆಳಗೇ ಬಂದು ಮಲಗೋದು, ನಾನು ಕೆಲಸ ಶುರು ಮಾಡೋಕೆ ಮುಂಚೆ ಅದನ್ನ ಗೇಟ್ ಆಚೆ ಬಿಟ್ಟು ಬರ್ತೀನಿ.

ಆಮೇಲಿನ ಒಂದು ವಾರ

ಬಾಟ್ಲಿ ಮೇಲೆ ಮಾರ್ಕರಲ್ಲಿ ಇವತ್ತಿನ ಲೆವೆಲ್ಲಿಗೆ ಗೆರೆ ಎಳೀರಿ. ದಿನಾ ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಅದೇ ಜಾಗದಲ್ಲಿ ನಿಂತು ನೋಡಿ, ಬಿಸಿ ಇದ್ದಾಗ ನೋಡಿದ್ರೆ ಲೆವೆಲ್ ಮೇಲೆ ಇರತ್ತೆ, ಲೆಕ್ಕ ತಪ್ಪತ್ತೆ. ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ. ಮೂರು ದಿನ ಊರಲ್ಲಿ ಓಡಿಸಿ, ಆಮೇಲೆ ಅರ್ಧ ಗಂಟೆ ಹೈವೇ, ಬಂದು ತಣ್ಣಗಾದ ಮೇಲೆ ಲೀಕ್ ಇದ್ದ ಜಾಗಕ್ಕೆ ಬಿಳಿ ಟಿಶ್ಯೂ ಒತ್ತಿ ನೋಡಿ. ಗೆರೆ ಅಲ್ಲೇ ಇದ್ರೆ ಘಾಟ್ ಕಡೆ ಹೊರಡಬಹುದು. ಬೆರಳಗಲ ಇಳಿದಿದ್ರೂ ಟೂರ್ ಕ್ಯಾನ್ಸಲ್ ಮಾಡಿ ಮತ್ತೆ ಪ್ರೆಷರ್ ಟೆಸ್ಟ್ ಹಾಕಿ. ನಾನು ಹೊಸ ರೇಡಿಯೇಟರ್, ಹೊಸ ಥರ್ಮೋಸ್ಟಾಟ್ ಹಾಕಿಸಿದ ಮೇಲೆ ಒಂಬತ್ತು ದಿನ ನೋಡಿ, ಹತ್ತನೇ ದಿನ ಅಪ್ಪ ಅಮ್ಮನ್ನ ಕೂರಿಸ್ಕೊಂಡೆ.